‘ಅಬ್‌ಸ್ಟೇನ್’ ಅಂದರೆ ಗೈರಲ್ಲ: ಮತದಾನದ ಒಂದು ಇಂಗ್ಲಿಷ್ ಕ್ರಿಯಾಪದದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ಚುನಾವಣೆ ಬಂತೆಂದರೆ ಎಲ್ಲ ಶಿಕ್ಷಕರ ಹಾಗೆ ನನಗೂ ಮತಗಟ್ಟೆ ಡ್ಯೂಟಿ ಬೀಳುತ್ತದೆ. ತರಗತಿಯಲ್ಲೂ ಮತಗಟ್ಟೆಯಲ್ಲೂ ನನಗೆ ಎದುರಾದ ಪದ ಒಂದಿದೆ: ಅಬ್‌ಸ್ಟೇನ್. ಮಕ್ಕಳು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹಳೆಯ ವಿದ್ಯಾರ್ಥಿಗಳು, ಸುದ್ದಿ ಅನುವಾದ ಮಾಡುವ ಗೆಳೆಯರು ಈ ಪದದ ಬಗ್ಗೆ ಕೇಳಿದ ಪ್ರಶ್ನೆಗಳನ್ನು ಒಟ್ಟುಮಾಡಿ ಇಲ್ಲಿ ಉತ್ತರಿಸಿದ್ದೇನೆ.

ಅಬ್‌ಸ್ಟೇನ್ ಎಂದರೆ ಏನು?

ಮತ ಹಾಕುವ ಹಕ್ಕಿದೆ, ಮತ ಹಾಕುವ ಹೊತ್ತಿಗೆ ಆ ಜಾಗದಲ್ಲೇ ಇದ್ದೀರಿ. ಆದರೂ ಪರವಾಗಿಯೂ ಹಾಕುವುದಿಲ್ಲ, ವಿರುದ್ಧವಾಗಿಯೂ ಹಾಕುವುದಿಲ್ಲ. ಬೇಕೆಂದೇ ಹಾಕುವುದಿಲ್ಲ. ಇದು ಅಬ್‌ಸ್ಟೇನ್. ಮರೆತು ಬಿಟ್ಟದ್ದು, ಬಸ್ಸು ತಪ್ಪಿ ಬರಲಾಗದೆ ಹೋದದ್ದು, ಮನಸ್ಸು ಗೊಂದಲವಾಗಿ ಕೂತದ್ದು ಇದರಲ್ಲಿ ಸೇರುವುದಿಲ್ಲ.

ಪದದ ಬೇರು ಲ್ಯಾಟಿನ್ನಿನದು. ‘ಅಬ್ಸ್’ ಅಂದರೆ ದೂರಕ್ಕೆ, ‘ತೆನೇರೆ’ ಅಂದರೆ ಹಿಡಿ. ಎರಡೂ ಸೇರಿ ತನ್ನನ್ನು ತಾನೇ ದೂರ ಹಿಡಿದುಕೊಳ್ಳು ಎಂಬ ಅರ್ಥ. ಫ್ರೆಂಚಿನ ದಾರಿಯಲ್ಲಿ ಇಂಗ್ಲಿಷಿಗೆ ಬಂತು. ರಿಟೇನ್, ಕಂಟೇನ್, ಟೆನೆಂಟ್ ಎಲ್ಲ ಇದೇ ‘ಹಿಡಿ’ ಬೇರಿನ ಪದಗಳು. ಕೈ ಮೇಲೇಳಬಹುದಿತ್ತು, ನೀವೇ ತಡೆಹಿಡಿದಿರಿ. ಆ ತಡೆಹಿಡಿಯುವ ಕೆಲಸವೇ ಈ ಕ್ರಿಯಾಪದದ ಜೀವ. ಏನೂ ಮಾಡದಿರುವುದಕ್ಕೆ ಇಟ್ಟ ಹೆಸರು ಎಂದು ಇದನ್ನು ತಿಳಿದರೆ ಅರ್ಥ ಕೈತಪ್ಪುತ್ತದೆ.

ಪತ್ರಿಕೆಗಳಲ್ಲಿ ‘ಭಾರತ ಗೈರು’ ಎಂದು ಬರುತ್ತದಲ್ಲ, ಅದು ತಪ್ಪೇ?

ತಪ್ಪು. 2022ರ ಮಾರ್ಚ್ ಮೊದಲ ವಾರ. ನಮ್ಮ ಶಾಲೆಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ಒಬ್ಬರು ಪತ್ರಿಕೆಯ ಮುಖ್ಯ ಸುದ್ದಿ ಓದುವ ರೂಢಿ ಇದೆ. ಆ ದಿನ ಒಂಬತ್ತನೇ ತರಗತಿಯ ಹುಡುಗಿ ವಿಶ್ವಸಂಸ್ಥೆಯ ಸುದ್ದಿ ಓದಿದಳು. ಉಕ್ರೇನ್ ಮೇಲಿನ ದಾಳಿಯನ್ನು ಖಂಡಿಸುವ ನಿರ್ಣಯ ಸಾಮಾನ್ಯ ಸಭೆಯಲ್ಲಿ ಮತಕ್ಕೆ ಬಂದಿತ್ತು. ಪರ 141, ವಿರುದ್ಧ 5. ಅಬ್‌ಸ್ಟೇನ್ ಮಾಡಿದ ದೇಶಗಳು 35, ಅದರಲ್ಲಿ ಭಾರತವೂ ಒಂದು. ಶೀರ್ಷಿಕೆಯಲ್ಲಿ ಇದ್ದದ್ದು ‘ಭಾರತ ಗೈರು’. ಸಾಲು ಚದುರಿದ ಮೇಲೆ ಅವಳು ನನ್ನ ಹತ್ತಿರ ಬಂದು ಕೇಳಿದಳು: “ಮಿಸ್, ಅಷ್ಟು ದೊಡ್ಡ ಮೀಟಿಂಗಿಗೆ ನಮ್ಮೋರು ಹೋಗ್ಲೇ ಇಲ್ವಾ?”

ಆ ಮಗು ಓದಿದ್ದನ್ನು ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದಳು. ಗೈರು ಅಂದರೆ ಹಾಜರಿಲ್ಲ, ಹಾಜರಿ ಪುಸ್ತಕದಲ್ಲಿ ಆಬ್ಸೆಂಟ್. ಬರೆದವರೇ ಎಡವಿದ್ದರು. ನಮ್ಮ ಪ್ರತಿನಿಧಿ ಸಭೆಯಲ್ಲಿ ಕೂತಿದ್ದರು, ಮತವನ್ನು ಅಬ್‌ಸ್ಟೇನ್ ಎಂದು ದಾಖಲಿಸಿದರು, ಯಾಕೆ ಹಾಗೆ ಮಾಡಿದೆವು ಎಂದು ವಿವರಣೆಯನ್ನೂ ಕೊಟ್ಟರು. ಹೋಗಿ, ಕೂತು, ಯೋಚಿಸಿ ಮಾಡಿದ ಕೆಲಸವನ್ನು ‘ಹೋಗಲೇ ಇಲ್ಲ’ ಎಂದು ಓದುಗರಿಗೆ ತಲುಪಿಸಿದ ಹಾಗಾಯಿತು.

ಈ ವ್ಯತ್ಯಾಸ ಪದಕೋಶದ ಸೂಕ್ಷ್ಮ ಮಾತ್ರ ಎನ್ನುವವರಿಗೆ ನಾನು 1950ರ ಕೊರಿಯಾ ಪ್ರಕರಣ ಹೇಳುತ್ತೇನೆ. ಆಗ ಭದ್ರತಾ ಮಂಡಳಿಯಲ್ಲಿ 11 ಸದಸ್ಯರು. ಚೀನಾದ ಪೀಠ ಯಾರದು ಎಂಬ ಜಗಳದಲ್ಲಿ ಸೋವಿಯತ್ ಒಕ್ಕೂಟ ಮಂಡಳಿಯನ್ನೇ ಬಹಿಷ್ಕರಿಸಿತ್ತು. ಜೂನ್ ತಿಂಗಳ ಅಧ್ಯಕ್ಷತೆ ಭಾರತದ ಸರದಿ. ಪೀಠದಲ್ಲಿ ಇದ್ದವರು ಮಂಗಳೂರಿನಲ್ಲಿ ಹುಟ್ಟಿದ, ನಮ್ಮ ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್, ಎಲ್ಲರೂ ಕರೆಯುವ ಹಾಗೆ ಬಿ.ಎನ್. ರಾವ್. ಜೂನ್ 25ರಂದು ಉತ್ತರ ಕೊರಿಯಾ ಹಿಂದೆ ಸರಿಯಬೇಕೆಂಬ ನಿರ್ಣಯ ಬಂತು. ಭಾರತ ಪರವಾಗಿ ಮತ ಹಾಕಿತು. ಪರ 9 ಮತ, ಯುಗೊಸ್ಲಾವಿಯ ಅಬ್‌ಸ್ಟೇನ್, ಸೋವಿಯತ್ ಗೈರು. ಜೂನ್ 27ರಂದು ದಕ್ಷಿಣ ಕೊರಿಯಾಕ್ಕೆ ನೆರವು ಕೊಡಬೇಕೆಂಬ ಎರಡನೇ ನಿರ್ಣಯ. ಆ ಹೊತ್ತಿಗೆ ದೆಹಲಿಯಿಂದ ಸೂಚನೆ ಬಂದಿರಲಿಲ್ಲ. ಭಾರತ ಮತ್ತು ಈಜಿಪ್ಟ್ ಸಭೆಯಲ್ಲಿದ್ದರೂ ಮತದಾನದಲ್ಲಿ ಭಾಗವಹಿಸಲಿಲ್ಲ ಎಂದು ದಾಖಲಾಯಿತು. ಜುಲೈ 7ರಂದು ಅಮೆರಿಕದ ನೇತೃತ್ವದಲ್ಲಿ ಒಂದೇ ಸೇನಾ ಕಮಾಂಡ್ ರಚಿಸುವ ಮೂರನೇ ನಿರ್ಣಯ ಬಂದಾಗ ಭಾರತ ಅಬ್‌ಸ್ಟೇನ್ ಮಾಡಿತು.

ಹದಿಮೂರು ದಿನದೊಳಗೆ ಒಂದೇ ದೇಶ ಮೂರು ಬಗೆಯಲ್ಲಿ ನಡೆದುಕೊಂಡಿತು, ಸೋವಿಯತ್ ಕುರ್ಚಿ ಖಾಲಿ ಇತ್ತು. ಸೋವಿಯತ್ ಪ್ರತಿನಿಧಿ ಬಂದು ವಿರುದ್ಧ ಮತ ಹಾಕಿದ್ದರೆ ಮೂರರಲ್ಲಿ ಒಂದು ನಿರ್ಣಯವೂ ದಾಟುತ್ತಿರಲಿಲ್ಲ, ಅವರ ಕೈಯಲ್ಲಿ ವೀಟೊ ಇತ್ತು. ಗೈರು, ಭಾಗವಹಿಸದಿರುವುದು, ಅಬ್‌ಸ್ಟೇನ್ ಮೂರಕ್ಕೂ ಒಂದೇ ಪದ ಬಳಸಿದರೆ ಈ ಕಥೆಯನ್ನು ಕನ್ನಡದಲ್ಲಿ ಹೇಳುವುದು ಹೇಗೆ?

‘ತಟಸ್ಥ’ ಎಂದರೆ ಆಗುವುದಿಲ್ಲವೇ?

ಗೈರಿಗಿಂತ ವಾಸಿ, ಆದರೂ ಪೂರ್ತಿ ಒಪ್ಪುವ ಪದವಲ್ಲ. ತಟಸ್ಥ ಅಂದರೆ ದಡದಲ್ಲಿ ನಿಂತವನು. ಹೊಳೆಗೆ ಇಳಿಯದವನು. ಅದು ಮನಸ್ಸಿನ ನಿಲುವನ್ನು ಹೇಳುತ್ತದೆ. ಅಬ್‌ಸ್ಟೇನ್ ಹೇಳುವುದು ಮತದ ವಿಚಾರವನ್ನು ಮಾತ್ರ. ಮನಸ್ಸಿನಲ್ಲಿ ಕಡು ವಿರೋಧ ಇಟ್ಟುಕೊಂಡೂ ಅಬ್‌ಸ್ಟೇನ್ ಮಾಡಬಹುದು.

2011ರ ಮಾರ್ಚ್ 17ರಂದು ಲಿಬಿಯಾದ ಮೇಲೆ ವಿಮಾನ ಹಾರಾಟ ನಿಷೇಧಿಸುವ 1973ನೇ ನಿರ್ಣಯ ಭದ್ರತಾ ಮಂಡಳಿಗೆ ಬಂತು. ಪರ 10, ವಿರುದ್ಧ ಸೊನ್ನೆ. ಭಾರತ, ಬ್ರೆಜಿಲ್, ಜರ್ಮನಿ, ಚೀನಾ, ರಷ್ಯಾ ಅಬ್‌ಸ್ಟೇನ್. ಈ ಐದೂ ದೇಶಗಳು ಗಡಾಫಿ ಮತ್ತು ಬಂಡುಕೋರರ ನಡುವೆ ದಡದಲ್ಲಿ ನಿಂತಿದ್ದವು ಎಂದರೆ ಅದು ನಿಜವಲ್ಲ. ಬಲಪ್ರಯೋಗದ ಬಗ್ಗೆ ಐದಕ್ಕೂ ಆಕ್ಷೇಪ ಇತ್ತು. ನೆಲದ ಮೇಲಿನ ಪರಿಸ್ಥಿತಿಯ ಬಗ್ಗೆ ನಂಬುವಂಥ ಮಾಹಿತಿ ಸಾಕಷ್ಟಿಲ್ಲ ಎಂದು ಭಾರತ ಹೇಳಿತ್ತು. ನ್ಯಾಟೊ ಕೂಟದಲ್ಲಿದ್ದ ಜರ್ಮನಿಯನ್ನಂತೂ ತಟಸ್ಥ ದೇಶ ಎಂದು ಯಾರೂ ಕರೆಯುವ ಹಾಗಿಲ್ಲ.

ಯಾರದಾದರೂ ಅಬ್‌ಸ್ಟೇನ್ ಅನ್ನು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಎಂದು ತೀರ್ಮಾನಿಸುವ ಮೊದಲು ಅವರ ‘ಮತದ ವಿವರಣೆ’ ಓದಬೇಕು. ವಿಶ್ವಸಂಸ್ಥೆಯಲ್ಲಿ ಮತಕ್ಕೆ ಮುಂಚೆ ಅಥವಾ ನಂತರ ವಿವರಣೆ ಕೊಡುವ ಪದ್ಧತಿ ಇದೆ. ಮನಸ್ಸು ಎಲ್ಲಿತ್ತು ಎಂಬುದು ಅಲ್ಲಿ ಗೊತ್ತಾಗುತ್ತದೆ.

ಹಾಗಾದರೆ ಕನ್ನಡದಲ್ಲಿ ಏನೆಂದು ಬರೆಯಬೇಕು?

ಸದ್ಯಕ್ಕೆ ಹೆಚ್ಚು ಚಾಲ್ತಿಯಲ್ಲಿರುವುದು ‘ಮತದಾನದಿಂದ ದೂರ ಉಳಿಯಿತು’. ಲ್ಯಾಟಿನ್ ಬೇರಿಗೂ ಹತ್ತಿರ. ಒಂದೇ ತೊಡಕು: ಊರಲ್ಲಿದ್ದೂ ಮತಗಟ್ಟೆಗೆ ಬಾರದವರ ಬಗ್ಗೆಯೂ ನಾವು ಇದೇ ಮಾತು ಆಡುತ್ತೇವೆ.

ನನ್ನ ಆಯ್ಕೆ ‘ಸಭೆಯಲ್ಲಿದ್ದೂ ಮತ ಹಾಕಲಿಲ್ಲ’. ಆ ‘ಇದ್ದೂ’ ಎಂಬ ಎರಡಕ್ಷರವನ್ನು ಗಮನಿಸಿ. ಇಂಗ್ಲಿಷ್ ಒಂದು ಇಡೀ ಕ್ರಿಯಾಪದ ಖರ್ಚು ಮಾಡಿ ಹೇಳುವುದನ್ನು ಕನ್ನಡ ಒಂದು ದೀರ್ಘ ಊಕಾರದಲ್ಲಿ ಹೇಳಿಬಿಡುತ್ತದೆ. ಇದ್ದು ಬೇರೆ, ಇದ್ದೂ ಬೇರೆ. ಹಾಜರಿ, ಹಕ್ಕು, ಬೇಕೆಂದೇ ಬಿಟ್ಟದ್ದು, ಮೂರೂ ಅದರೊಳಗೆ ಬಂದವು. ಶೀರ್ಷಿಕೆಗೆ ಜಾಗ ಕಡಿಮೆ ಎನ್ನುವ ಗೆಳೆಯರಿಗೆ ‘ಮತ ಹಾಕದ ಭಾರತ’ ಎಂದು ಕೊಟ್ಟು, ಸುದ್ದಿಯ ಮೊದಲ ಸಾಲಿನಲ್ಲಿ ‘ಇದ್ದೂ’ ಸೇರಿಸಿ ಎನ್ನುತ್ತೇನೆ. ಲೆಕ್ಕ ಕೊಡುವಾಗ ‘ಪರ 141, ವಿರುದ್ಧ 5, ಮತ ಹಾಕದವರು 35’ ಎಂದರೆ ಸಾಕು.

ಉಚ್ಚಾರ ಅಬ್‌ಸ್ಟೈನ್ ಎಂದೋ, ಅಬ್‌ಸ್ಟೇನ್ ಎಂದೋ? ಬಟ್ಟೆ ಮೇಲಿನ ‘ಸ್ಟೇನ್’ಗೂ ಇದಕ್ಕೂ ಸಂಬಂಧವೇ?

ಅಬ್‌ಸ್ಟೇನ್. ರೇನ್, ಪೇನ್ ಅನ್ನುವ ಹಾಗೆ. ಒತ್ತು ಕೊನೆಯ ಭಾಗದ ಮೇಲೆ ಬೀಳುತ್ತದೆ. ಕಲೆ ಎಂಬರ್ಥದ ಸ್ಟೇನ್‌ಗೂ ಇದಕ್ಕೂ ಸಂಬಂಧ ಇಲ್ಲ, ಅದು ಬಣ್ಣ ಹಾಕುವುದಕ್ಕೆ ಸಂಬಂಧಪಟ್ಟ ಬೇರೊಂದು ಬೇರಿನದು. ಬೆರಳಿನ ಶಾಯಿ ನೆನಪಾಗಿ ಮಕ್ಕಳು ಇದನ್ನು ಕೇಳುತ್ತಾರೆ, ಜಾಣ ಪ್ರಶ್ನೆಯೇ. ಆ ಶಾಯಿಯ ವಿಚಾರ ಕೊನೆಯಲ್ಲಿ ಬರುತ್ತದೆ.

ವಾಕ್ಯದಲ್ಲಿ ಹೇಗೆ ಬಳಸುವುದು?

ಇದು ಅಕರ್ಮಕ ಕ್ರಿಯಾಪದ. ಕರ್ಮಪದ ಬೇಡ. ‘ತ್ರೀ ಮೆಂಬರ್ಸ್ ಅಬ್‌ಸ್ಟೇನ್ಡ್’ ಎಂದು ನಿಲ್ಲಿಸಿದರೆ ವಾಕ್ಯ ಮುಗಿಯಿತು. ನಮ್ಮ ಮಕ್ಕಳು ‘ಅಬ್‌ಸ್ಟೇನ್ಡ್ ದ ವೋಟ್’ ಎಂದು ಬರೆಯುತ್ತಾರೆ. ‘ಮತ ಹಾಕು’ ಎನ್ನುವಾಗ ಮತ ಕರ್ಮವಲ್ಲವೇ, ಅದರ ಪ್ರಭಾವ. ತಪ್ಪು. ‘ಅಬ್‌ಸ್ಟೇನ್ ಟು ವೋಟ್’ ಕೂಡ ತಪ್ಪು.

ಯಾವುದರಿಂದ ಎಂದು ಹೇಳಬೇಕಾದರೆ ಫ್ರಮ್: ‘ಶೀ ಅಬ್‌ಸ್ಟೇನ್ಡ್ ಫ್ರಮ್ ವೋಟಿಂಗ್’. ಯಾವ ವಿಷಯದ ಮೇಲೆ ಎಂದಾದರೆ ಆನ್: ‘ಇಂಡಿಯಾ ಅಬ್‌ಸ್ಟೇನ್ಡ್ ಆನ್ ದ ರೆಸಲ್ಯೂಷನ್’. ಯಾವ ಮತದಾನದಲ್ಲಿ ಎಂದಾದರೆ ಇನ್: ‘ಅಬ್‌ಸ್ಟೇನ್ಡ್ ಇನ್ ದ ವೋಟ್’. ಮೂರೂ ಸರಿ.

ನಾಮಪದ ಎರಡಿವೆ, ಇಲ್ಲಿ ಎಡವುವವರು ಬಹಳ. ಮತದ ವಿಷಯಕ್ಕೆ ಅಬ್‌ಸ್ಟೆನ್ಷನ್. ಹೆಂಡ, ಮಾಂಸ, ಕಾಮ ಇತ್ಯಾದಿ ಬಿಟ್ಟಿರುವುದಕ್ಕೆ ಅಬ್‌ಸ್ಟಿನೆನ್ಸ್. ಊರೂರಲ್ಲಿ ನಡೆಯುವ ಮದ್ಯವರ್ಜನ ಶಿಬಿರದಲ್ಲಿ ಕಲಿಸುವುದು ಅಬ್‌ಸ್ಟಿನೆನ್ಸ್. ವಿಶ್ವಸಂಸ್ಥೆಯ ಸುದ್ದಿಯಲ್ಲಿ ‘35 ಅಬ್‌ಸ್ಟಿನೆನ್ಸ್’ ಎಂದು ಬರೆದರೆ 35 ದೇಶಗಳು ವ್ರತ ಹಿಡಿದ ಹಾಗಾಗುತ್ತದೆ.

ಕ್ರಿಯಾಪದ ಮಾತ್ರ ಎರಡೂ ಕಡೆ ಒಂದೇ. ಏಕಾದಶಿಯಂದು ಅನ್ನ ಬಿಡುವವರೂ ಅಬ್‌ಸ್ಟೇನ್ ಮಾಡುವವರೇ. ಅಲ್ಲಿ ಕನ್ನಡಕ್ಕೆ ‘ವರ್ಜಿಸು’, ‘ಬಿಡು’ ಚೆನ್ನಾಗಿ ಹೊಂದುತ್ತವೆ. ‘ರಿಫ್ರೇನ್’ ಇದಕ್ಕಿಂತ ಹಗುರ. ಬಾಯಿಗೆ ಬಂದ ಮಾತನ್ನು ಆ ಕ್ಷಣ ನುಂಗಿಕೊಂಡರೆ ರಿಫ್ರೇನ್. ನಿರ್ಧಾರವಾಗಿ ಬಿಟ್ಟರೆ ಅಬ್‌ಸ್ಟೇನ್.

ಅಬ್‌ಸ್ಟೇನ್ ಮಾಡಿದರೆ ಲಾಭ ಯಾರಿಗೆ? ಅದು ಲೆಕ್ಕಕ್ಕೆ ಬರುತ್ತದೆಯೇ?

ಎಲ್ಲ ಪ್ರಶ್ನೆಗಳಲ್ಲಿ ನನಗೆ ಇಷ್ಟವಾದದ್ದು ಇದು. ಯಾಕೆಂದರೆ ಉತ್ತರ ಪದಕೋಶದಲ್ಲಿ ಸಿಗುವುದಿಲ್ಲ. ಗೆಲುವಿಗೆ ಬೇಕಾದ ಬಹುಮತವನ್ನು ಯಾವುದರ ಮೇಲೆ ಎಣಿಸುತ್ತಾರೆ ಎಂದು ಮೊದಲು ನೋಡಬೇಕು.

‘ಹಾಜರಿದ್ದು ಮತ ಹಾಕಿದವರು’ ಎಂಬ ಲೆಕ್ಕ ಇದ್ದ ಕಡೆ ಅಬ್‌ಸ್ಟೇನ್ ಮಾಡಿದವರು ಲೆಕ್ಕದಿಂದಲೇ ಹೊರಗೆ. ವಿಶ್ವಸಂಸ್ಥೆ ಸಾಮಾನ್ಯ ಸಭೆಯ ನಿಯಮ 86 ಇದನ್ನು ಬಿಡಿಸಿ ಹೇಳುತ್ತದೆ: ಅಬ್‌ಸ್ಟೇನ್ ಮಾಡುವ ಸದಸ್ಯರನ್ನು ಮತ ಹಾಕದವರೆಂದೇ ಪರಿಗಣಿಸಬೇಕು. ನಮ್ಮ ಸಂಸತ್ತಿಗೆ ಸಂವಿಧಾನದ 100ನೇ ವಿಧಿ, ರಾಜ್ಯ ವಿಧಾನಮಂಡಲಕ್ಕೆ 189ನೇ ವಿಧಿ ಇದೇ ‘ಹಾಜರಿದ್ದು ಮತ ಹಾಕಿದವರ ಬಹುಮತ’ವನ್ನು ಸಾಮಾನ್ಯ ನಿಯಮವಾಗಿ ಇಟ್ಟಿವೆ. ಇಲ್ಲಿ ಮತ ಹಾಕದೆ ಕೂತರೆ ಗೆಲುವಿನ ಗೆರೆ ಕೆಳಗಿಳಿಯುತ್ತದೆ, ಮುಂದಿರುವ ಪಕ್ಷಕ್ಕೆ ದಾರಿ ಸಲೀಸಾಗುತ್ತದೆ.

‘ಒಟ್ಟು ಸದಸ್ಯರ’ ಲೆಕ್ಕ ಇದ್ದ ಕಡೆ ಕಥೆ ತಲೆಕೆಳಗು. ಗೆರೆ ಅಲುಗಾಡುವುದೇ ಇಲ್ಲ. ಆಗ ಮತ ಹಾಕದೆ ಕೂರುವುದು ವಿರುದ್ಧ ಮತ ಹಾಕಿದ್ದಕ್ಕೆ ಸಮ.

ಇದಕ್ಕೆ 1993ರ ಮೇ ತಿಂಗಳ ಲೋಕಸಭೆಗಿಂತ ದೊಡ್ಡ ಪಾಠ ನನಗೆ ಕಂಡಿಲ್ಲ. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ವಿ. ರಾಮಸ್ವಾಮಿ ಅವರನ್ನು ಪದಚ್ಯುತಗೊಳಿಸುವ ನಿರ್ಣಯ ಮತಕ್ಕೆ ಬಂತು. ಸಂವಿಧಾನದ 124ನೇ ವಿಧಿಯ ಪ್ರಕಾರ ಎರಡು ಪರೀಕ್ಷೆ ದಾಟಬೇಕು. ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ ಬೇಕು, ಸದನದ ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚೂ ಬೇಕು. ನಿರ್ಣಯದ ಪರ 196 ಮತ ಬಿತ್ತು. ವಿರುದ್ಧ ಒಂದೂ ಬೀಳಲಿಲ್ಲ. ಕಾಂಗ್ರೆಸ್ ಮತ್ತು ಅದರ ಮಿತ್ರರ 205 ಸದಸ್ಯರು ಸದನದಲ್ಲಿದ್ದೂ ಮತ ಹಾಕಲಿಲ್ಲ. ಮೊದಲ ಪರೀಕ್ಷೆಯಲ್ಲಿ ನೂರಕ್ಕೆ ನೂರು ಅಂಕ, ಎರಡನೆಯದರಲ್ಲಿ ನಪಾಸು. ನಿರ್ಣಯ ಬಿದ್ದುಹೋಯಿತು, ನ್ಯಾಯಮೂರ್ತಿಗಳು 1994ರಲ್ಲಿ ನಿವೃತ್ತರಾಗುವವರೆಗೂ ಪದವಿಯಲ್ಲೇ ಇದ್ದರು. ‘ಇವರನ್ನು ಉಳಿಸಿ’ ಎಂದು ಒಬ್ಬ ಸಂಸದರೂ ಮತ ಹಾಕಿರಲಿಲ್ಲ. ಉಳಿಸಿದ್ದು ಅಬ್‌ಸ್ಟೇನ್. ಈ ಲೆಕ್ಕವನ್ನು ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದಾಗಲೆಲ್ಲ ಹತ್ತನೇ ತರಗತಿಯ ಮಕ್ಕಳು ನಿರ್ಣಯ ಗೆದ್ದಿತು ಎಂದೇ ಮೊದಲು ಹೇಳುತ್ತಾರೆ.

ಹತ್ತಿರದ ಉದಾಹರಣೆ ಬೇಕಾದರೆ ನಿಮ್ಮ ಗ್ರಾಮ ಪಂಚಾಯಿತಿಯನ್ನೇ ನೋಡಿ. ಅಧ್ಯಕ್ಷರ ಮೇಲೆ ಅವಿಶ್ವಾಸ ಗೆಲ್ಲಬೇಕಾದರೆ ಒಟ್ಟು ಸದಸ್ಯರ ಮೂರನೇ ಎರಡು ಭಾಗ ಬೇಕು. 15 ಸದಸ್ಯರಿದ್ದರೆ 10. ಪರ 9 ಬಂದು, ವಿರುದ್ಧ 2 ಬಂದು, 4 ಜನ ಯಾವ ಕಡೆಗೂ ಇಲ್ಲದೆ ಕೂತರು ಅಂದುಕೊಳ್ಳಿ. ಅಧ್ಯಕ್ಷರು ಉಳಿದರು. ಆ ನಾಲ್ವರು “ನಾವು ಯಾರ ಕಡೆಗೂ ಇಲ್ಲಪ್ಪ” ಎಂದು ಹೊರಗೆ ಹೇಳಿಕೊಂಡರೂ ಒಳಗೆ ಅವರು ಅಧ್ಯಕ್ಷರ ಕಡೆಗೇ ಇದ್ದಂತಾಯಿತು.

‘ಮೌನಂ ಸಮ್ಮತಿ ಲಕ್ಷಣಂ’ ಎನ್ನುತ್ತಾರಲ್ಲ, ಅದು ಇಲ್ಲಿಗೂ ಅನ್ವಯಿಸುತ್ತದೆಯೇ?

ಮೇಲಿನ ಲೋಕಸಭೆಯ ಉದಾಹರಣೆಗೆ ಅನ್ವಯಿಸುವುದಿಲ್ಲ. ಆದರೆ ಭದ್ರತಾ ಮಂಡಳಿಗೆ ಹೆಚ್ಚುಕಡಿಮೆ ಅನ್ವಯಿಸುತ್ತದೆ. ಮುಖ್ಯ ವಿಷಯಗಳಲ್ಲಿ 15ರಲ್ಲಿ 9 ಮತ ಬೇಕು, ಅದರಲ್ಲಿ ಐದು ಕಾಯಂ ಸದಸ್ಯರ ಸಮ್ಮತಿಯ ಮತವೂ ಸೇರಿರಬೇಕು ಎಂದು ವಿಶ್ವಸಂಸ್ಥೆಯ ಸನ್ನದಿನ 27ನೇ ವಿಧಿ ಹೇಳುತ್ತದೆ. ಅಕ್ಷರಶಃ ಓದಿದರೆ ಕಾಯಂ ಸದಸ್ಯ ಅಬ್‌ಸ್ಟೇನ್ ಮಾಡಿದರೂ ನಿರ್ಣಯ ಬೀಳಬೇಕು. ರೂಢಿ ಬೇರೆಯಾಗಿ ಬೆಳೆಯಿತು: ವಿರುದ್ಧ ಮತ ಹಾಕಿದರೆ ಮಾತ್ರ ವೀಟೊ, ಹಾಕದೆ ಕೂತರೆ ಅಡ್ಡಿಯಿಲ್ಲ. ನಮೀಬಿಯಾ ಕುರಿತ 1971ರ ಅಭಿಪ್ರಾಯದಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯವೂ ಈ ರೂಢಿಯನ್ನು ಎತ್ತಿಹಿಡಿಯಿತು. 2024ರ ಮಾರ್ಚ್ 25ರಂದು ರಂಜಾನ್ ತಿಂಗಳಲ್ಲಿ ಗಾಜಾ ಕದನ ನಿಲ್ಲಿಸಬೇಕೆಂಬ 2728ನೇ ನಿರ್ಣಯ ದಾಟಿದ್ದು ಹೀಗೆ. ಪರ 14, ಅಮೆರಿಕ ಅಬ್‌ಸ್ಟೇನ್. ಒಪ್ಪಿದೆ ಎನ್ನಲೂ ಇಲ್ಲ, ತಡೆಯಲೂ ಇಲ್ಲ.

ಸದನದಲ್ಲಿ ಇದನ್ನು ದಾಖಲಿಸುವುದು ಹೇಗೆ?

ಲೋಕಸಭೆಯಲ್ಲಿ ಸದಸ್ಯರ ಮುಂದೆ ಗುಂಡಿಗಳಿರುತ್ತವೆ. ಪರಕ್ಕೆ ಹಸಿರು, ವಿರುದ್ಧಕ್ಕೆ ಕೆಂಪು, ಅಬ್‌ಸ್ಟೇನ್‌ಗೆ ಹಳದಿ. ಅಂದರೆ ಮತ ಹಾಕದಿರುವುದಕ್ಕೂ ಗುಂಡಿ ಒತ್ತಬೇಕು! ಈ ಪದ ಒಂದು ಕೆಲಸದ ಹೆಸರು ಎಂದು ನಾನು ಮಕ್ಕಳಿಗೆ ಹೇಳುವಾಗ ಈ ಹಳದಿ ಗುಂಡಿಯೇ ನನ್ನ ಸಾಕ್ಷಿ. ಬ್ರಿಟನ್ನಿನ ಕಾಮನ್ಸ್ ಸಭೆಯಲ್ಲಿ ಅಂಥ ಏರ್ಪಾಡಿಲ್ಲ. ಅಲ್ಲಿ ಪರದವರು ಒಂದು ಲಾಬಿ (ಸದನದ ಪಕ್ಕದ ಮೊಗಸಾಲೆ), ವಿರುದ್ಧದವರು ಇನ್ನೊಂದು ಲಾಬಿ ದಾಟುತ್ತಾರೆ. ಮತ ಹಾಕದವರು ಎಲ್ಲೂ ದಾಖಲಾಗುವುದಿಲ್ಲ. ಹಾಜರಿದ್ದದ್ದು ಕಾಣಲೇಬೇಕು ಎನ್ನುವ ಕೆಲವರು ಎರಡೂ ಲಾಬಿ ದಾಟಿ ಬರುವುದುಂಟು.

ಸ್ಪೀಕರ್ ಮತ ಹಾಕದಿರುವುದು ಅಬ್‌ಸ್ಟೇನ್ ಅಲ್ಲ. ಅವರಿಗೆ ಮೊದಲ ಹಂತದಲ್ಲಿ ಮತವೇ ಇಲ್ಲ, ಸಮಬಲ ಬಂದಾಗ ನಿರ್ಣಾಯಕ ಮತ ಮಾತ್ರ.

ವಿಪ್ ಇದ್ದಾಗ ವಿರುದ್ಧ ಮತ ಹಾಕದೆ ಅಬ್‌ಸ್ಟೇನ್ ಮಾಡಿದರೆ ಶಾಸಕರು ಪಾರಾಗುತ್ತಾರೆಯೇ?

ಇಲ್ಲ. 1985ರ 52ನೇ ತಿದ್ದುಪಡಿಯಿಂದ ಬಂದ ಹತ್ತನೇ ಅನುಸೂಚಿ, ಅಂದರೆ ಪಕ್ಷಾಂತರ ನಿಷೇಧ ಕಾನೂನು, ಈ ಕ್ರಿಯಾಪದವನ್ನೇ ಹೆಸರಿಸಿ ಬಳಸಿದೆ. ಪಕ್ಷದ ನಿರ್ದೇಶನಕ್ಕೆ ವಿರುದ್ಧವಾಗಿ ಮತ ಹಾಕಿದರೂ ಅಷ್ಟೆ, ಮತ ಹಾಕದೆ ಉಳಿದರೂ ಅಷ್ಟೆ, ಅನರ್ಹತೆ ತೂಗುತ್ತದೆ. ಮುಂಚಿತ ಅನುಮತಿ ಪಡೆದಿದ್ದರೆ, ಇಲ್ಲವೇ ಪಕ್ಷ 15 ದಿನದೊಳಗೆ ಮನ್ನಿಸಿದರೆ ಬಚಾವು.

ನಮ್ಮ ರಾಜ್ಯದವರಿಗೆ 2019ರ ಜುಲೈ ನೆನಪಿದ್ದೇ ಇರುತ್ತದೆ. ದಿನಗಟ್ಟಲೆ ಟಿ.ವಿ. ಮುಂದೆ ಕೂತಿದ್ದೆವು. 15 ಬಂಡಾಯ ಶಾಸಕರನ್ನು ಕಲಾಪದಲ್ಲಿ ಭಾಗವಹಿಸಲು ಒತ್ತಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಜುಲೈ 17ರಂದು ಹೇಳಿತು. 23ರಂದು ಎಚ್.ಡಿ. ಕುಮಾರಸ್ವಾಮಿ ಅವರ ವಿಶ್ವಾಸಮತ 99–105ರಿಂದ ಬಿತ್ತು. ನಾಮನಿರ್ದೇಶಿತ ಸದಸ್ಯರೂ ಸೇರಿ ಸದನದ ಬಲ 225. ಸ್ಪೀಕರ್ ಬಿಟ್ಟು 20 ಜನ ಒಳಗೇ ಇರಲಿಲ್ಲ. ಎಲ್ಲರೂ ಜಪಿಸುತ್ತಿದ್ದ ‘113ರ ಮ್ಯಾಜಿಕ್ ನಂಬರ್’ ಅಂದು ಬೇಕಾಗಲೇ ಇಲ್ಲ. ಮತ ಹಾಕಿದ 204 ಜನರಲ್ಲಿ 103 ಸಾಕಿತ್ತು. ಇದನ್ನು ನಾನು ಅಬ್‌ಸ್ಟೇನ್ ಎನ್ನುವುದಿಲ್ಲ, ಇದು ನಿಜವಾದ ಗೈರು. ಇಲ್ಲಿ ಆ ಪದ ಬರೆದವರದ್ದು ಸರಿ. ಒಳಗಿರದ ಆ 20 ಜನರಲ್ಲಿ ಕೊಳ್ಳೇಗಾಲದ ಬಿಎಸ್‌ಪಿ ಶಾಸಕ ಎನ್. ಮಹೇಶ್ ಕೂಡ ಇದ್ದರು. ಸರ್ಕಾರದ ಪರ ಮತ ಹಾಕಿ ಎಂಬ ಸೂಚನೆ ಪಾಲಿಸಲಿಲ್ಲವೆಂದು ಪಕ್ಷ ಅವರನ್ನು ಅದೇ ದಿನ ಉಚ್ಚಾಟಿಸಿತು. ಬಂದು ಕೂತು ಮತ ಹಾಕದೆ ಇದ್ದಿದ್ದರೂ ಅಂಕಿ ಬದಲಾಗುತ್ತಿರಲಿಲ್ಲ.

ಬಹಿಷ್ಕಾರ, ಸಭಾತ್ಯಾಗ, ‘ರಿಕ್ಯೂಸ್’ ಇವೆಲ್ಲ ಅಬ್‌ಸ್ಟೇನ್ ಅಲ್ಲವೇ?

ರಸ್ತೆ ಹಾಕಿಸಲಿಲ್ಲ ಎಂದು ಊರ ಬಾಗಿಲಿಗೆ ‘ಮತದಾನ ಬಹಿಷ್ಕಾರ’ ಬ್ಯಾನರ್ ಕಟ್ಟುವುದು ಬಾಯ್ಕಾಟ್. ಪ್ರಕ್ರಿಯೆಯನ್ನೇ ಬೇಡ ಎನ್ನುವ ಪ್ರತಿಭಟನೆ ಅದು. ಚರ್ಚೆಯ ನಡುವೆ ಎದ್ದು ಹೊರನಡೆಯುವುದು ಸಭಾತ್ಯಾಗ, ವಾಕ್‌ಔಟ್. ತನ್ನ ಸಂಬಂಧಿಕರ ಪ್ರಕರಣ ಬಂದಾಗ ನ್ಯಾಯಾಧೀಶರು ‘ನಾನು ಇದನ್ನು ಕೇಳುವುದಿಲ್ಲ’ ಎಂದು ಹಿಂದೆ ಸರಿಯುವುದು ರಿಕ್ಯೂಸ್. ಅಬ್‌ಸ್ಟೇನ್ ಮಾಡುವವರು ಕುರ್ಚಿ ಬಿಡುವುದಿಲ್ಲ.

ನೋಟಾ ಒತ್ತುವುದು ಅಬ್‌ಸ್ಟೇನ್ ಮಾಡಿದ ಹಾಗೆಯೇ?

ಪರೀಕ್ಷೆಗೆ ಓದುವವರು ಹೆಚ್ಚು ಕೇಳುವ ಪ್ರಶ್ನೆ. ಅಲ್ಲ ಎಂದು ನನ್ನ ಉತ್ತರ. ನೋಟಾ ಒತ್ತಿದವರು ಒಂದು ಗುಂಡಿ ಒತ್ತಿ, ‘ಇವರ್ಯಾರೂ ಬೇಡ’ ಎಂದು ಗುಟ್ಟಾಗಿ ದಾಖಲಿಸಿ ಬಂದಿರುತ್ತಾರೆ. ಎಣಿಕೆಯ ದಿನ ಅದಕ್ಕೆ ಸಂಖ್ಯೆ ಬರುತ್ತದೆ. ಆದರೆ ಠೇವಣಿ ಉಳಿಸಿಕೊಳ್ಳಲು ಬೇಕಾದ ಆರನೇ ಒಂದು ಭಾಗ ಲೆಕ್ಕ ಹಾಕುವಾಗ ನೋಟಾವನ್ನು ಸಿಂಧು ಮತಗಳೊಳಗೆ ಸೇರಿಸುವುದಿಲ್ಲ. ನೋಟಾ ಬಂದದ್ದು 2013ರ ಸೆಪ್ಟೆಂಬರ್ 27ರ ಸುಪ್ರೀಂ ಕೋರ್ಟ್ ತೀರ್ಪಿನಿಂದ. ಆ ವರ್ಷದ ಕೊನೆಯಲ್ಲಿ ದೆಹಲಿ, ರಾಜಸ್ಥಾನ, ಮಧ್ಯಪ್ರದೇಶ, ಛತ್ತೀಸಗಡ, ಮಿಜೋರಾಂ ಚುನಾವಣೆಗಳಲ್ಲಿ ಮೊದಲ ಸಲ ಯಂತ್ರದ ಮೇಲೆ ಕಾಣಿಸಿತು.

ಅದಕ್ಕೆ ಮುಂಚೆ ನಿಜವಾದ ಅಬ್‌ಸ್ಟೇನ್‌ಗೆ ದಾರಿ ಇದ್ದದ್ದು 1961ರ ಚುನಾವಣಾ ನಿಯಮಗಳ 49-ಒ. ಅದನ್ನು ಬಳಸಿದ ಒಬ್ಬರನ್ನು ನಾನು ಕಣ್ಣಾರೆ ಕಂಡಿದ್ದೇನೆ.

2013ರ ಮೇ 5, ವಿಧಾನಸಭಾ ಚುನಾವಣೆ. ನಾನು ಎರಡನೇ ಮತಗಟ್ಟೆ ಅಧಿಕಾರಿ. ಶಾಯಿ ಹಚ್ಚುವುದು, ರಿಜಿಸ್ಟರಿನಲ್ಲಿ ಸಹಿ ಮಾಡಿಸುವುದು ನನ್ನ ಕೆಲಸ. ಬಿಸಿಲು ಇಳಿಯುವ ಹೊತ್ತಿಗೆ ಬಿಳಿ ಪಂಚೆ ಉಟ್ಟ ವಯಸ್ಸಾದವರೊಬ್ಬರು ಬಂದರು. ಎಡಗೈ ತೋರುಬೆರಳು ಚಾಚಿದರು, ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುವ ಆ ನೇರಳೆ ಶಾಯಿಯನ್ನು ಗೆರೆ ಎಳೆದೆ. 17-ಎ ರಿಜಿಸ್ಟರಿನಲ್ಲಿ ನಿಧಾನಕ್ಕೆ ಸಹಿ ಮಾಡಿದರು. ಚೀಟಿ ಕೊಡಲು ಹೋದಾಗ ಕೈ ಅಡ್ಡ ಮಾಡಿ, “ಬೇಡಮ್ಮ, ನಾನು ವೋಟು ಹಾಕಲ್ಲ. ಹಾಕಲ್ಲ ಅಂತ ಬರಕೊಳ್ಳಿ” ಎಂದರು. ಹಿಂದಿನ ಸಾಲಿನಲ್ಲಿ ಗುಸುಗುಸು ಶುರುವಾಯಿತು. ಏಜೆಂಟರು ಕತ್ತೆತ್ತಿ ನೋಡಿದರು. ಅಧ್ಯಕ್ಷಾಧಿಕಾರಿ ಎದ್ದು ಬಂದು ಕೈಪಿಡಿ ತಿರುವಿ, ಅವರ ಹೆಸರಿನ ಮುಂದೆ ಷರಾ ಬರೆದು, ಅದರ ಪಕ್ಕ ಇನ್ನೊಂದು ಸಹಿ ಹಾಕಿಸಿದರು. ಯಾಕೆ ಎಂದು ನಾವು ಕೇಳಲಿಲ್ಲ, ಕೇಳುವ ಹಾಗೂ ಇರಲಿಲ್ಲ. ಶಾಯಿ ಹಚ್ಚಿದ ಬೆರಳಿನಲ್ಲೇ ಅವರು ಕೈಮುಗಿದು ಹೊರಟರು.

ಹೀಗೆ ಎಲ್ಲರ ಕಣ್ಣೆದುರು ಹೇಳಬೇಕಾಗಿತ್ತು ಎಂಬುದೇ 49-ಒ ದೋಷ. ಮತ ಹಾಕಿದವರಿಗೆ ಗುಟ್ಟು ಉಂಟು, ಹಾಕದವರಿಗೆ ಇಲ್ಲ. ನಾಲ್ಕು ತಿಂಗಳ ಬಳಿಕ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ, ಅದಕ್ಕೇ ನೋಟಾ ಬಂತು.

ಅವತ್ತು ಸಂಜೆ ಯಂತ್ರ ಮುಚ್ಚಿ, ಮೊಹರು ಹಾಕಿ, ಮತಗಳ ಲೆಕ್ಕ ಕೊಡುವ 17-ಸಿ ನಮೂನೆ ತುಂಬಲು ಕೂತೆವು. ರಿಜಿಸ್ಟರಿನಲ್ಲಿ ನಮೂದಾದವರ ಸಂಖ್ಯೆಗೂ ಯಂತ್ರ ತೋರಿಸುವ ಮತಗಳಿಗೂ ಒಂದರ ವ್ಯತ್ಯಾಸ ಬಂತು. ಮೂರನೇ ಅಧಿಕಾರಿಯಾಗಿದ್ದ ಹುಡುಗ ಗಾಬರಿಯಾಗಿ ಮತ್ತೆ ಎಣಿಸತೊಡಗಿದ. ಅಧ್ಯಕ್ಷಾಧಿಕಾರಿ ಅವನನ್ನು ತಡೆದು, ಅದೇ ನಮೂನೆಯಲ್ಲಿ 49-ಒ ಅಡಿ ಮತ ಹಾಕದಿರಲು ತೀರ್ಮಾನಿಸಿದವರು ಎಂಬ ಸಾಲು ತೋರಿಸಿ, ಅದರ ಮುಂದೆ ‘1’ ಎಂದು ಬರೆದರು. ಲೆಕ್ಕ ತಾಳೆಯಾಯಿತು.